ರಾಜೀನಾಮೆಯೂ ಕಟಿಂಗ್ ಚಾವೂ
ಇವತ್ತು ಇಲ್ಲಿ ಮುಂಬೈಯಲ್ಲಿ ಕೆಲಸ ಬಿಡುವ ಪತ್ರ ಕೊಟ್ಟೆ. ನಮ್ಮ ಧಣಿ ಕುಂದಾಪುರದ ಕಡೆಯವರು. ಸಣ್ಣ ಸಿಟ್ಟಿಗೆ ಹಿಂದಿ, ದೊಡ್ಡ ಸಿಟ್ಟಿಗೆ ಊರಿನ ಮಾತು. ಇವತ್ತು ನೇರ ಊರಿನದ್ದೇ! "ಉಂಡ ಮನೆ ಜಂತೆ ಎಣಿಸ್ತೀಯಾ?" ಎಂದು ಟೇಬಲ್ ಗುದ್ದಿದರು. ಕಟಿಂಗ್ ಚಾ, ಅಂದ್ರೆ ಅರ್ಧ ಲೋಟ ಚಹಾ, ಬಿಲ್‌ಬುಕ್ಕಿನ ಮೇಲೆ ಚೆಲ್ಲಿತು.

ನಾನು ಎದುರು ಮಾತಾಡಲಿಲ್ಲ. "ನೋಟಿಸ್ ಅವಧಿ ಪೂರ್ತಿ ಬರ್ತೇನೆ ಅಣ್ಣಾ, ವಾಶಿ ಗೋದಾಮಿನ ಲೆಕ್ಕ ಹೊಸಬನಿಗೆ ಕಲಿಸಿಯೇ ಹೋಗ್ತೇನೆ" ಎಂದೆ. ಹೊರಗೆ ಬಂದು ಅದನ್ನೇ ಇಮೇಲ್ ಮಾಡಿದೆ. ಬಾಯಿಮಾತು ಸಾಲದು, ಅಲ್ವಾ?

ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಕೊಡಲ್ಲ ಅಂತಲೂ ಕೂಗಿದರು. ಖಾಯಂ ನೌಕರ 5 ವರ್ಷ ದುಡಿದಿದ್ದರೆ ಅದು ಕಾನೂನಿನ ಹಕ್ಕು. ಪಿಎಫ್ ಕೂಡ ಹೊಸ ಕಡೆಗೆ ವರ್ಗವಾಗುತ್ತೆ. ಹಾಗಾಗಿ ಸುಮ್ನೆ ಕೇಳಿಸಿಕೊಂಡೆ. ಪಾಪ, ಸಿಟ್ಟಿಗಿಂತ ಗಾಬರಿಯೇ ಜಾಸ್ತಿ ಅನ್ನಿಸಿತು.

ಸಂಜೆ ಪನ್ವೇಲ್ ಲೋಕಲ್ ಹತ್ತುವಾಗ ಅವರದ್ದೇ ಫೋನು: "ಜಿಎಸ್‌ಟಿ ಪಾಸ್‌ವರ್ಡ್ ಎಂತದು ಮಾರಾಯಾ?"