72 ಗಂಟೆಯ ರೂಲು, ಒಬ್ಬ ಅಜ್ಜಿಯ ಪ್ರಶ್ನೆ, ನಾನು ಎಡವಿದ ಜಾಗ

ನರ್ಸಿಂಗ್ ಓದುವಾಗ ರಿಸರ್ಚ್ ಅಂತ ಒಂದು ಪೇಪರ್ ಇತ್ತು. ಪಾಸಾಗೋದಕ್ಕೆ ಓದಿದ್ದು, ಅಷ್ಟೆ. ಹೈಪಾಥಿಸಿಸ್ ಅಂದರೇನು, ಸ್ಯಾಂಪಲ್‌ನಲ್ಲಿ ಎಷ್ಟು ಬಗೆ ಅಂತೆಲ್ಲ ಬಾಯಿಪಾಠ ಮಾಡಿ ಬರೆದು ಬಂದೆ, ಪರೀಕ್ಷೆ ಮುಗಿದ ದಿನವೇ ಮರೆತೆ. ವಾರ್ಡಿಗೂ ಅದಕ್ಕೂ ಏನು ಸಂಬಂಧ ಅಂತ ಆಗ ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ.

ಆ ಪೇಪರ್ ನೆನಪಾಗಿದ್ದು ಒಬ್ಬ ಅಜ್ಜಿಯಿಂದ. ಮಧ್ಯಾಹ್ನದ ಡ್ಯೂಟಿ. ಅಜ್ಜಿಗೆ ಆ್ಯಂಟಿಬಯಾಟಿಕ್ ನಡೀತಾ ಇತ್ತು, ಕೈಯಲ್ಲಿದ್ದ ಕ್ಯಾನುಲಾಗೆ, ಅಂದರೆ ಔಷಧಿ ಹೋಗೋಕೆ ನರಕ್ಕೆ ಹಾಕೋ ಸಣ್ಣ ಕೊಳವೆಗೆ, 72 ಗಂಟೆ ತುಂಬಿತ್ತು. ಔಷಧಿ ಸರಾಗವಾಗಿ ಹೋಗುತ್ತಿತ್ತು, ಕೆಂಪಿಲ್ಲ, ಊತ ಇಲ್ಲ, ನೋವಿಲ್ಲ. ಆದರೂ ತೆಗೆದೆ, ಯಾಕಂದ್ರೆ 72 ಗಂಟೆ ಆಗಿತ್ತು, ಅಷ್ಟಾದರೆ ಬದಲಿಸಬೇಕು ಅನ್ನೋದು ನಮ್ಮ ರೂಲು. ಹೊಸದು ಹಾಕೋಕೆ ಹೋದರೆ ನರವೇ ಸಿಗಲಿಲ್ಲ. ಮೂರು ಸಲ ಚುಚ್ಚಿದೆ, ಕೊನೆಗೆ ಬೇರೆ ಸಿಸ್ಟರ್ ಬಂದು ಹಾಕಿದರು. ಅಜ್ಜಿ ಬೈಯಲಿಲ್ಲ. "ಇದ್ದಿದ್ದು ಚೆನ್ನಾಗೇ ಇತ್ತಲ್ಲಮ್ಮಾ, ಯಾಕೆ ತೆಗೆದೆ?" ಅಂದರು.

"ರೂಲ್ಸ್ ಅಜ್ಜಿ" ಅಂದೆ.

"ಯಾರು ಮಾಡಿದ್ದು ಆ ರೂಲ್ಸು?"

ನನಗೆ ಗೊತ್ತಿರಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಕೇಳಿದೆ. "ಮೊದಲಿಂದಲೂ ಹಾಗೇ" ಅಂದರು. ಅವರಿಗೆ ಅವರ ಸೀನಿಯರ್ ಹೇಳಿಕೊಟ್ಟಿದ್ದರಂತೆ. ಅವರ ತಪ್ಪಲ್ಲ ಬಿಡಿ, ನಮ್ಮ ಕೆಲಸದ ಅರ್ಧ ಭಾಗ ಹೀಗೇ ಕೈಯಿಂದ ಕೈಗೆ ಬಂದಿರೋದು. ಅದರಲ್ಲಿ ಬಹಳಷ್ಟು ಸರಿಯಾಗೂ ಇರುತ್ತೆ. ಯಾವುದು ಸರಿ, ಯಾವುದು ಸುಮ್ನೆ ಬಂದಿದ್ದು ಅಂತ ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ, ಅದೇ ತೊಂದರೆ.

ಆ ರಾತ್ರಿ ಮನೆಗೆ ಹೋಗಿ ಕ್ಯಾನುಲಾ ಅಂತ ಹುಡುಕಿದೆ. ಸಾವಿರಾರು ಲೇಖನ ಬಂದವು, ಎರಡೇ ನಿಮಿಷಕ್ಕೆ ಮುಚ್ಚಿಟ್ಟೆ. ಆಮೇಲೆ ಆ ಬಾಯಿಪಾಠದ ಪೇಪರಿನಿಂದ ಒಂದೇ ಒಂದು ಪದ ನೆನಪಾಯಿತು: ಪಿಕೋ. ಪಿ ಅಂದರೆ ಯಾವ ರೋಗಿ, ಐ ಅಂದರೆ ಏನು ಮಾಡಬೇಕು ಅಂತಿದ್ದೀರಿ, ಸಿ ಅಂದರೆ ಯಾವುದರ ಜೊತೆ ಹೋಲಿಸುತ್ತೀರಿ, ಓ ಅಂದರೆ ಕೊನೆಗೆ ಏನನ್ನು ಅಳೆಯುತ್ತೀರಿ. ಒಂದು ಚೀಟಿ ಮೇಲೆ ಬರೆದೆ. ವಾರ್ಡಿನಲ್ಲಿರುವ ದೊಡ್ಡವರಿಗೆ, ತೊಂದರೆ ಕಂಡಾಗ ಮಾತ್ರ ಕ್ಯಾನುಲಾ ಬದಲಿಸಿದರೆ, ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸೋದಕ್ಕಿಂತ ಫ್ಲೆಬೈಟಿಸ್ (ನರ ಕೆಂಪಾಗಿ ಊದಿ ನೋಯೋದು) ಜಾಸ್ತಿ ಆಗುತ್ತಾ? ಇಷ್ಟು ಬರೆದುಕೊಂಡ ಮೇಲೆ ಹುಡುಕಾಟ ನಿಜಕ್ಕೂ ಸುಲಭ ಆಯಿತು. ಒಂದು ಮಾತು ಮಾತ್ರ ಸೇರಿಸುತ್ತೇನೆ. ಕೊನೆಯ ಓ ಇದೆಯಲ್ಲ, ಅದನ್ನ ನಾನು ಫ್ಲೆಬೈಟಿಸ್ ಅಂತ ಬರೆದೆ. ಅಜ್ಜಿ ಬರೆದಿದ್ದರೆ "ಎಷ್ಟು ಸಲ ಚುಚ್ಚಿದರು" ಅಂತ ಬರೆಯುತ್ತಿದ್ದರು. ಎರಡೂ ಒಂದೇ ಅಲ್ಲ.

ಸಿಕ್ಕಿದ್ದು 2012ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಒಂದು ಟ್ರಯಲ್, ಅಂದರೆ ರೋಗಿಗಳ ಮೇಲೆ ಎರಡು ವಿಧಾನ ಹೋಲಿಸಿ ನೋಡಿದ ಅಧ್ಯಯನ. ಕ್ವೀನ್ಸ್‌ಲ್ಯಾಂಡಿನ ಮೂರು ಆಸ್ಪತ್ರೆ, 3283 ರೋಗಿಗಳು. ಅರ್ಧ ಜನಕ್ಕೆ ಮೂರನೇ ದಿನಕ್ಕೆ ಬದಲಿಸಿದರು, ಉಳಿದ ಅರ್ಧಕ್ಕೆ ಬೇಕಾದಾಗ ಮಾತ್ರ. ಫ್ಲೆಬೈಟಿಸ್ ಎರಡೂ ಕಡೆ 7 ಪರ್ಸೆಂಟ್. ಯಾರು ಯಾವ ಗುಂಪಿಗೆ ಅನ್ನೋದು ರ್‍ಯಾಂಡಮ್ ಆಗಿ, ಅಂದರೆ ಚೀಟಿ ಎತ್ತಿದ ಹಾಗೆ ತೀರ್ಮಾನ ಆಗಿತ್ತು.

ಈ ಚೀಟಿ ಎತ್ತೋ ವಿಷಯ ಕ್ಲಾಸಿನಲ್ಲಿ ನನಗೆ ಅರ್ಥವೇ ಆಗಿರಲಿಲ್ಲ. ವಾರ್ಡಿನ ಕಣ್ಣಲ್ಲಿ ನೋಡಿದಾಗ ಆಯಿತು. ನಮ್ಮದೇ ರಿಜಿಸ್ಟರ್ ತೆಗೆದು, ಐದು ದಿನ ಇದ್ದ ಕ್ಯಾನುಲಾಗಳನ್ನೂ ಮೂರು ದಿನಕ್ಕೆ ತೆಗೆದವನ್ನೂ ಹೋಲಿಸಿದರೆ ಐದು ದಿನದ್ದೇ ಚೆನ್ನಾಗಿ ಕಾಣುತ್ತೆ. ಯಾಕೆ? ಅದು ಚೆನ್ನಾಗಿದ್ದಿದ್ದಕ್ಕೇ ಐದು ದಿನ ಉಳಿದಿದ್ದು! ಕೆಟ್ಟಿದ್ದನ್ನ ನಾವು ಎರಡನೇ ದಿನವೇ ಕಿತ್ತು ಹಾಕಿರುತ್ತೇವೆ. ಯಾರಿಗೆ ಏನು ಅಂತ ನಾವೇ ಆರಿಸಿದರೆ ನಮ್ಮ ಆಯ್ಕೆಯೇ ಫಲಿತಾಂಶದ ಒಳಗೆ ನುಸುಳಿಬಿಡುತ್ತೆ. ಅದಕ್ಕೇ ಚೀಟಿ.

ಇಲ್ಲಿವರೆಗೆ ನಾನು ಜಾಣೆ. ಮುಂದಿನದು ಎಡವಟ್ಟು.

ನಾನು ಓದಿದ್ದು ಲೇಖನದ ಮೇಲಿನ ಸಾರಾಂಶ ಮಾತ್ರ. ಆದರೆ ಖುಷಿ ಎಷ್ಟಿತ್ತು ಅಂದ್ರೆ, ಮರುದಿನ ಶಿಫ್ಟ್ ಬದಲಾಗೋ ಹೊತ್ತಿನ ಹ್ಯಾಂಡೋವರ್‌ನಲ್ಲೇ ಎಲ್ಲರಿಗೂ ಹೇಳಿದೆ, ಇನ್ಮೇಲೆ 72 ಗಂಟೆ ನೋಡಬೇಕಾಗಿಲ್ಲ, ತೊಂದರೆ ಇದ್ದರೆ ಮಾತ್ರ ಬದಲಿಸಿ ಅಂತ. ಇನ್‌ಚಾರ್ಜ್ ಸಿಸ್ಟರ್ ಅನುಮಾನದಿಂದಲೇ ಒಪ್ಪಿದರು. ಎಲ್ಲರಿಗೂ ಖುಷಿ, ಕೆಲಸ ಕಮ್ಮಿ ಆಯಿತಲ್ಲ. ಎರಡು ವಾರ ಚೆನ್ನಾಗೇ ಹೋಯಿತು. ಆಮೇಲೆ ಒಂದು ಬೆಳಗ್ಗೆ ಒಬ್ಬರ ತೋಳಿನ ಮೇಲಿನ ಗಾಜ್ ಬಟ್ಟೆ ಬಿಚ್ಚಿ ನೋಡಿದರೆ, ಕ್ಯಾನುಲಾ ಇದ್ದ ಕಡೆಯಿಂದ ಮೇಲಕ್ಕೆ ನರ ಕೆಂಪಾಗಿ, ಮುಟ್ಟಿದರೆ ಹಗ್ಗದ ಹಾಗೆ ಗಟ್ಟಿ. ಅವರಿಗೆ ಎರಡು ದಿನದಿಂದ ನೋಯುತ್ತಿತ್ತಂತೆ. ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಕೇಸ್ ಶೀಟಿನಲ್ಲಿ ಆ ಎರಡು ದಿನ ಕ್ಯಾನುಲಾ ಬಗ್ಗೆ ಒಂದಕ್ಷರ ಇಲ್ಲ.

ಆ ದಿನ ನಾನು ಯಾರ ಮುಖವನ್ನೂ ನೇರ ನೋಡಲಿಲ್ಲ. ಸಂಜೆ ಕೂತು ಆ ಲೇಖನವನ್ನ ಪೂರ್ತಿ ಓದಿದೆ. ಹೇಗೆ ಮಾಡಿದರು ಅನ್ನೋ ಭಾಗ ಇರುತ್ತಲ್ಲ, ಎಲ್ಲರೂ ಹಾರಿಸೋದು, ಅದನ್ನ. ಅಲ್ಲಿ ರಿಸರ್ಚ್ ನರ್ಸ್‌ಗಳು ಪ್ರತಿದಿನ ರೋಗಿ ಹತ್ತಿರ ಹೋಗಿ ಕ್ಯಾನುಲಾ ಜಾಗ ನೋಡುತ್ತಿದ್ದರು. ಪ್ರತಿದಿನ. "ಬೇಕಾದಾಗ ಬದಲಿಸಿ" ಅನ್ನೋ ಮಾತಿನ ಒಳಗೆ "ಬೇಕಾ ಅಂತ ದಿನಾ ನೋಡಿ" ಅನ್ನೋದು ಇತ್ತು. ನಾನು ಮೊದಲರ್ಧ ಮಾತ್ರ ವಾರ್ಡಿಗೆ ತಂದಿದ್ದೆ.

ಇನ್ನೊಂದು ವಿಷಯ ಆಗಲೇ ಹೊಳೆದಿದ್ದು. ನಾನು ಬೈದ ಆ ಹಳೇ ರೂಲು ಒಂದು ಒಳ್ಳೆ ಕೆಲಸವನ್ನ ಗುಟ್ಟಾಗಿ ಮಾಡುತ್ತಿತ್ತು. ಯಾರು ಎಷ್ಟೇ ಬಿಜಿ ಇರಲಿ, ಮೂರು ದಿನಕ್ಕೊಮ್ಮೆ ಯಾರಾದರೂ ಒಬ್ಬರು ಆ ಕೈಯನ್ನ ಬಿಚ್ಚಿ ನೋಡಲೇಬೇಕಿತ್ತು. ರೂಲ್ ತೆಗೆದಾಗ ಆ ನೋಡೋದೂ ಅದರ ಜೊತೆಗೇ ಹೋಯಿತು. ಈಗ ಯಾವುದಾದರೂ ಹಳೇ ಅಭ್ಯಾಸ ಬಿಡಿಸಬೇಕು ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳೋದು ಇದನ್ನೇ: ಇದರ ನೆಪದಲ್ಲಿ ಇನ್ನೇನೇನು ನಡೀತಿದೆ?

ಸರಿಪಡಿಸೋಕೆ ವಿಐಪಿ ಸ್ಕೋರ್ ತಂದೆವು. ದೊಡ್ಡ ಮನುಷ್ಯರಿಗೆ ಸಂಬಂಧ ಇಲ್ಲ, ಡ್ರಿಪ್ ಹಾಕಿದ ಜಾಗವನ್ನ ಕಣ್ಣಲ್ಲಿ ನೋಡಿ 0ರಿಂದ 5ರವರೆಗೆ ಅಂಕ ಕೊಡೋ ಪಟ್ಟಿ ಅದು. 0 ಅಂದರೆ ಚೆನ್ನಾಗಿದೆ. 1 ಅಂದರೆ ಸ್ವಲ್ಪ ಅನುಮಾನ, ಕಣ್ಣಿಟ್ಟಿರಿ. 2 ಬಂದರೆ ತೆಗೆದು ಬೇರೆ ಕಡೆ ಹಾಕಿ. ಪ್ರತಿ ಶಿಫ್ಟಿಗೆ ಒಂದು ಸಲ ಬರೆಯಬೇಕು ಅಂತ ಚಾರ್ಟಿನಲ್ಲೇ ಕಾಲಂ ಮಾಡಿದೆವು. ಎಮರ್ಜೆನ್ಸಿಯಲ್ಲಿ ಗಡಿಬಿಡಿಯಲ್ಲಿ ಹಾಕಿದ ಕ್ಯಾನುಲಾಗೆ ಮಾತ್ರ ಬೇರೆ ಲೆಕ್ಕ. ಅಲ್ಲಿ ಸ್ವಚ್ಛವಾಗಿ ಹಾಕಿದ್ದಾರೆ ಅಂತ ಭರವಸೆ ಇಲ್ಲ, ಹಾಗಾಗಿ 48 ಗಂಟೆ ಒಳಗೆ ತೆಗೆಯಿರಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಮಾರ್ಗಸೂಚಿಯೂ ಹೇಳುತ್ತೆ, ಅದನ್ನ ಹಾಗೇ ಇಟ್ಟುಕೊಂಡೆವು.

ಈ ಸಲ ಎಣಿಸಿಯೇ ನೋಡೋಣ ಅಂದುಕೊಂಡೆವು. ಕ್ವಾಲಿಟಿ ನೋಡಿಕೊಳ್ಳೋರಿಗೆ ತಿಳಿಸಿ ಆಡಿಟ್ ಅಂತ ಬರೆಸಿದೆವು, ನಮ್ಮದೇ ಕೆಲಸ ನಾವು ಹೇಳಿದ ಹಾಗೆ ನಡೀತಿದೆಯಾ ಅಂತ ನೋಡೋದು ಆಡಿಟ್. ರೋಗಿಗಳನ್ನ ಎರಡು ಗುಂಪು ಮಾಡಿ ಹೊಸದೇನೋ ಪರೀಕ್ಷಿಸೋಕೆ ಹೋದರೆ ಅದು ರಿಸರ್ಚ್, ಅದಕ್ಕೆ ಎಥಿಕ್ಸ್ ಕಮಿಟಿ ಬೇಕು, ರೋಗಿಯ ಒಪ್ಪಿಗೆ ಬೇಕು. ಈ ಗೆರೆ ದಾಟಬೇಡಿ, ಒಳ್ಳೆ ಉದ್ದೇಶ ಇದ್ದರೂ.

ಎಣಿಸೋದು ಸುಲಭ ಅಂದುಕೊಂಡಿದ್ದೆ. ಮೊದಲ ದಿನ ನಾನು ಮತ್ತೆ ಇನ್ನೊಬ್ಬ ಸಿಸ್ಟರ್ ಅದೇ ಹತ್ತು ಕೈಗಳನ್ನ ಬೇರೆ ಬೇರೆಯಾಗಿ ನೋಡಿ ಸ್ಕೋರ್ ಕೊಟ್ಟೆವು. ಹೋಲಿಸಿದರೆ ನನ್ನ ಪಟ್ಟಿಯಲ್ಲಿ ಇಬ್ಬರಿಗೆ ತೊಂದರೆ, ಅವಳ ಪಟ್ಟಿಯಲ್ಲಿ ಐದು ಜನಕ್ಕೆ. ಅವಳು ಒತ್ತಿ ನೋವಿದೆಯಾ ಅಂತ ಕೇಳುತ್ತಿದ್ದಳು, ನಾನು ಬರೀ ಬಣ್ಣ ನೋಡುತ್ತಿದ್ದೆ. ಜೊತೆಗೆ, ಕಪ್ಪು ಚರ್ಮದ ಮೇಲೆ ಕೆಂಪು ಅಷ್ಟು ಸುಲಭಕ್ಕೆ ಕಾಣಲ್ಲ, ಮುಟ್ಟಿ ಬಿಸಿ ನೋಡಬೇಕು. ಹೀಗೇ ಬಿಟ್ಟಿದ್ದರೆ ಅವಳ ಡ್ಯೂಟಿ ಇದ್ದ ವಾರ ಫ್ಲೆಬೈಟಿಸ್ ಏರುತ್ತಿತ್ತು, ನನ್ನ ವಾರ ಇಳಿಯುತ್ತಿತ್ತು, ನಾವು ಕೂತು ಕಾರಣ ಹುಡುಕುತ್ತಿದ್ದೆವು! ಮೂರು ದಿನ ಜೊತೆಯಾಗಿ ರೌಂಡ್ಸ್ ಹೋಗಿ, ಒಂದೇ ಕೈಗೆ ಒಂದೇ ಅಂಕ ಬರೋವರೆಗೆ ಅಭ್ಯಾಸ ಮಾಡಿ, ಆಮೇಲೆ ಶುರು ಮಾಡಿದೆವು. ರಿಲಯಬಿಲಿಟಿ ಅಂತ ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆದಿದ್ದೆನಲ್ಲ, ಅದು ಇದೇ.

ಇನ್ನೊಂದು, ಎಷ್ಟಕ್ಕೆ ಎಷ್ಟು ಅನ್ನೋದು. ಈ ತಿಂಗಳು ಇಷ್ಟು ಫ್ಲೆಬೈಟಿಸ್ ಅಂತ ಹೇಳಿದರೆ ಏನೂ ಹೇಳಿದ ಹಾಗಲ್ಲ. ಕ್ಯಾನುಲಾಗಳು ಒಟ್ಟು ಎಷ್ಟು ದಿನ ಕೈಯಲ್ಲಿದ್ದವು ಅಂತ ಕೂಡಿಸಿ, ಅದರಿಂದ ಭಾಗಿಸಬೇಕು. ಈ ಕೂಡಿಸೋ ಕೆಲಸ ಬೇಜಾರು, ಯಾರೂ ಮಾಡಲ್ಲ. ನೈಟಿಂಗೇಲ್ ಅಂದರೆ ನಮಗೆಲ್ಲ ದೀಪ ಹಿಡಿದ ಚಿತ್ರ, ಅಲ್ವಾ? ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಜಾಸ್ತಿ ರೋಗದಿಂದ ಸತ್ತರು ಅಂತ ತಿಂಗಳು ತಿಂಗಳ ಲೆಕ್ಕ ಹಾಕಿ, 1858ರಲ್ಲಿ ಚಿತ್ರ ಬರೆದು ಅಧಿಕಾರದಲ್ಲಿದ್ದವರ ಮುಂದಿಟ್ಟಿದ್ದೂ ಅವರೇ. ಆ ಲೆಕ್ಕದ ಪುಸ್ತಕ ಹಿಡಿದ ಚಿತ್ರ ಯಾವ ಕಾಲೇಜಿನ ಗೋಡೆ ಮೇಲೂ ನಾನು ನೋಡಿಲ್ಲ.

ಇಷ್ಟಾದ ಮೇಲೆ ಕಥೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಒಂದೇ ಪ್ರಶ್ನೆಯ ಟ್ರಯಲ್‌ಗಳನ್ನೆಲ್ಲ ಕೂಡಿಸಿ ನೋಡೋ ಕಾಕ್ರೇನ್ ಅನ್ನೋ ಸಂಸ್ಥೆಯ 2019ರ ರಿವ್ಯೂನಲ್ಲಿ ಒಂಬತ್ತು ಟ್ರಯಲ್‌ಗಳನ್ನ ಒಟ್ಟಿಗೆ ನೋಡಿದ್ದರು. ಫ್ಲೆಬೈಟಿಸ್‌ನಲ್ಲಿ ಸ್ಪಷ್ಟ ವ್ಯತ್ಯಾಸ ಇಲ್ಲ, ಆದರೆ ಇಂತಿಷ್ಟು ದಿನಕ್ಕೊಮ್ಮೆ ಅಂತ ಬದಲಿಸಿದವರಲ್ಲಿ ಕ್ಯಾನುಲಾ ಬ್ಲಾಕ್ ಆಗೋದು, ದ್ರವ ಹೊರಗೆ ಸೋರಿ ಊದೋದು ಸ್ವಲ್ಪ ಕಮ್ಮಿ. 2021ರಲ್ಲಿ ಜಿನೀವಾದ ಆಸ್ಪತ್ರೆಗಳಿಂದ ಇನ್ನೊಂದು ಬಂತು. ಅವರು ನಾಲ್ಕು ಲಕ್ಷಕ್ಕೂ ಹೆಚ್ಚು ಕ್ಯಾನುಲಾಗಳ ದಾಖಲೆ ನೋಡಿದ್ದರು. ಬೇಕಾದಾಗ ಮಾತ್ರ ಬದಲಿಸೋ ಕಾಲದಲ್ಲಿ ರಕ್ತದ ಸೋಂಕು ಹೆಚ್ಚಿತ್ತು, ಹಳೇ ಪದ್ಧತಿಗೆ ವಾಪಸ್ ಹೋದ ಮೇಲೆ ಇಳಿಯಿತು. ಓದಿ ತಲೆ ಕೆಟ್ಟಿತು.

ಅದು ಚೀಟಿ ಎತ್ತಿದ ಟ್ರಯಲ್ ಅಲ್ಲ, ಮೊದಲು ಮತ್ತು ಆಮೇಲೆ ಅಂತ ನೋಡಿದ್ದು. ನಡುವೆ ಬೇರೆ ಏನಾದರೂ ಬದಲಾಗಿರಬಹುದು. ಹಾಗಂತ ತಳ್ಳಿಹಾಕೋಕೂ ಆಗಲ್ಲ. ಕ್ಯಾನುಲಾದಿಂದ ರಕ್ತದ ಸೋಂಕು ಬರೋದು ಬಹಳ ಅಪರೂಪ, ಮೂರು ಸಾವಿರ ಜನರ ಟ್ರಯಲ್‌ನಲ್ಲಿ ಅಷ್ಟು ಅಪರೂಪದ್ದು ಕಾಣಿಸದೇ ಹೋಗಬಹುದು. ದೊಡ್ಡ ಬಲೆ ಬೀಸಿದಾಗಲೇ ಸಿಗೋ ಮೀನು ಅದು. "ವ್ಯತ್ಯಾಸ ಕಾಣಲಿಲ್ಲ" ಅನ್ನೋದೂ "ವ್ಯತ್ಯಾಸ ಇಲ್ಲ" ಅನ್ನೋದೂ ಒಂದೇ ಅಂತ ನಾನು 2012ರ ಲೇಖನ ಓದುವಾಗ ಅಂದುಕೊಂಡಿದ್ದೆ.

ಇದನ್ನ ಇನ್‌ಚಾರ್ಜ್ ಸಿಸ್ಟರ್‌ಗೆ ತೋರಿಸಿದೆ. "ಹಾಗಾದ್ರೆ ಮತ್ತೆ 72 ಗಂಟೆನಾ?" ಅಂತ ನಕ್ಕರು. ಸೋಂಕು ನಿಯಂತ್ರಣದ ಸಿಸ್ಟರನ್ನೂ ಡಾಕ್ಟರನ್ನೂ ಕೂರಿಸಿಕೊಂಡು ಮಾತಾಡಿದೆವು. ನರ ಚೆನ್ನಾಗಿ ಸಿಗೋರಿಗೆ ನಾಲ್ಕನೇ ದಿನ ಒಂದು ಸಲ ನಿಂತು ಕೇಳಿಕೊಳ್ಳೋದು: ಇದು ಇನ್ನೂ ಬೇಕಾ, ಮಾತ್ರೆಗೆ ಬದಲಿಸಬಹುದಾ? ಬೇಡ ಅಂದರೆ ಅವತ್ತೇ ತೆಗೆಯೋದು, ಬೇಕು ಅಂದರೆ ಬದಲಿಸೋದು. ಅಜ್ಜಿಯಂಥವರಿಗೆ, ಸ್ಕೋರ್ 0 ಇದ್ದರೆ, ಅವರನ್ನೇ ಕೇಳಿ ಬಿಡೋದು. ಪುರಾವೆ ನೋಡಿ ಚಿಕಿತ್ಸೆ ಮಾಡಬೇಕು ಅನ್ನೋದನ್ನ ಬೆಳೆಸಿದ ಡಾಕ್ಟರ್ ಡೇವಿಡ್ ಸ್ಯಾಕೆಟ್ ಮತ್ತು ಜೊತೆಯವರು 1996ರಲ್ಲಿ ಬರೆದದ್ದೂ ಹೀಗೇ ಇದೆ. ಒಳ್ಳೆ ಪುರಾವೆಯ ಜೊತೆ ನೋಡಿಕೊಳ್ಳೋರ ಅನುಭವವೂ ಸೇರಬೇಕು, ರೋಗಿಯ ಇಷ್ಟವನ್ನೂ ನೋಡಬೇಕು ಅಂತ. ನಾವು ಅದರಲ್ಲಿ ಪುರಾವೆ ಅನ್ನೋದನ್ನ ಮಾತ್ರ ಹಿಡಿದುಕೊಂಡು ಓಡಾಡುತ್ತೇವೆ.

ನಿಜ ಹೇಳಬೇಕು ಅಂದ್ರೆ, "ಇದು ಇನ್ನೂ ಬೇಕಾ" ಅಂತ ಕೇಳಿಕೊಳ್ಳೋಕೆ ಶುರು ಮಾಡಿದಾಗಿನಿಂದ ಕಮ್ಮಿಯಾಗಿದ್ದು ಬದಲಿಸೋ ಕೆಲಸಕ್ಕಿಂತ, ಸುಮ್ನೆ ಕೈಯಲ್ಲಿ ಉಳಿದುಬಿಡುತ್ತಿದ್ದ ಕ್ಯಾನುಲಾಗಳು. ಔಷಧಿ ನಿಂತು ಎರಡು ದಿನ ಆದರೂ "ಇರಲಿ, ಬೇಕಾಗಬಹುದು" ಅಂತ ಬಿಟ್ಟಿರುತ್ತಿದ್ದೆವಲ್ಲ, ಅವು. ಅದನ್ನ ನಾವು ಹುಡುಕಲು ಹೊರಟಿರಲೇ ಇಲ್ಲ.

ಹೋದ ವಾರ ಹೊಸದಾಗಿ ಸೇರಿದ ಹುಡುಗಿ ಒಬ್ಬಳು ಕೇಳಿದಳು, "ಸಿಸ್ಟರ್, ದಿನಾ ಜಾಗ ನೋಡಬೇಕು ಅಂತೀರ, ಮತ್ತೆ ಅದರ ಮೇಲೆ ಗಾಜ್ ಸುತ್ತಿ ಯಾಕೆ ಮುಚ್ಚುತ್ತೀರ?" ಇನ್‌ಚಾರ್ಜ್ ಸಿಸ್ಟರ್ ಬಾಯಿ ತೆರೆದರು, "ಮೊದಲಿಂದಲೂ..." ಅಂತ ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದರು. ಚೀಟಿ ತೆಗೆದು ಅವಳ ಕೈಗೇ ಕೊಟ್ಟೆ. ಪಿ, ಐ, ಸಿ ಬರೆದಿದ್ದಾಳೆ. ಓ ಜಾಗದಲ್ಲಿ ಏನು ಹಾಕಬೇಕು ಅಂತ ಬೆಡ್‌ಗಳ ಹತ್ತಿರ ಹೋಗಿ ರೋಗಿಗಳನ್ನ ಕೇಳ್ತಾ ಇದಾಳೆ.