ಬೇಸ್ ಗಿಟಾರಿಗೆ ಯಾವ ಡಿಐ ಬಾಕ್ಸ್?

ಈ ವಾರ ಮಂಗಳೂರಿನ ಒಂದು ಮದುವೆ ರಿಸೆಪ್ಷನ್ನಿನ ಸೌಂಡ್‌ಚೆಕ್‌ನಲ್ಲಿ ಕೇಳಿದ ಮಾತು ಇನ್ನೂ ತಲೆಯಲ್ಲೇ ಕೂತಿದೆ. ಬೇಸ್ ಗಿಟಾರನ್ನು ಮಿಕ್ಸರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯೇ ಡಿಐ ಬಾಕ್ಸ್; ಬರೀ ಟ್ರಾನ್ಸ್‌ಫಾರ್ಮರ್ ಇದ್ದರೆ ಪ್ಯಾಸಿವ್, ಕರೆಂಟಿನಿಂದ ನಡೆಯುವ ಸರ್ಕ್ಯೂಟ್ ಇದ್ದರೆ ಆಕ್ಟಿವ್. ಬೇಸ್ ನುಡಿಸುವ ಹುಡುಗ ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಏಟು) ಹೊಡೆದಾಗೆಲ್ಲ ಸ್ಪೀಕರಿನಲ್ಲಿ ಪರಪರ. "ಅಣ್ಣಾ, ಪ್ಯಾಸಿವ್ ಬಾಕ್ಸ್ ಉಂಟಾ?" ಎಂದು ಕೇಳಿದ. "ನಿನ್ನದು ಆಕ್ಟಿವ್ ಬೇಸ್ ಅಲ್ವಾ ಮಾರಾಯ, ಆಕ್ಟಿವ್ ಬಾಕ್ಸೇ ಬೇಕು" ಎಂದ ಸೌಂಡಿನವರು ಮಿಕ್ಸರಿನ ಫೇಡರ್ ಇಳಿಸಿದರು. ಸದ್ದು ಇಳಿಯಿತು, ಪರಪರ ಹಾಗೇ ಉಳಿಯಿತು.

ಆಕ್ಟಿವ್ ಬೇಸಿಗೆ ಆಕ್ಟಿವ್ ಬಾಕ್ಸೇ ಬೇಕು! ಸಾಮಾನ್ಯವಾಗಿ ಜೋಡಿ ಇದಕ್ಕೆ ತಿರುಗುಮುರುಗು. 9 ವೋಲ್ಟ್ ಬ್ಯಾಟರಿಯ ಪ್ರೀಆಂಪ್ (ಸಿಗ್ನಲ್ ಬಲಪಡಿಸುವ ಸರ್ಕ್ಯೂಟ್) ಇರುವ ಆಕ್ಟಿವ್ ಬೇಸಿನಿಂದ ಬರುವ ಸಿಗ್ನಲ್ ಬಲವಾಗಿರುತ್ತದೆ, ಇಂಪಿಡೆನ್ಸ್ (ಸಿಗ್ನಲಿಗೆ ಸಿಗುವ ತಡೆ) ಕಡಿಮೆ. ಅದಕ್ಕೆ ಟ್ರಾನ್ಸ್‌ಫಾರ್ಮರಿನ ಪ್ಯಾಸಿವ್ ಬಾಕ್ಸ್ ಧಾರಾಳ ಸಾಕು. ಆಕ್ಟಿವ್ ಬಾಕ್ಸಿನೊಳಗಿನ ಸರ್ಕ್ಯೂಟಿಗೆ ಮಾತ್ರ ಸ್ಲ್ಯಾಪಿನ ಏಟು ತಡೆಯದೆ ಅಲ್ಲೇ ಸಿಗ್ನಲ್ ಕ್ಲಿಪ್ ಆಗಬಹುದು, ಅಂದರೆ ತುದಿ ಕತ್ತರಿಸಿ ಸದ್ದು ಒಡೆಯಬಹುದು. ಬಾಕ್ಸಿನಲ್ಲೇ ಹರಿದ ಸಿಗ್ನಲನ್ನು ಮಿಕ್ಸರಿನಲ್ಲಿ ಹೊಲಿಯಲಿಕ್ಕಾಗುವುದಿಲ್ಲ. ಕೊನೆಗೆ ಬಾಕ್ಸಿನೊಳಕ್ಕೆ ಹೋಗುವ ಸಿಗ್ನಲ್ ತಗ್ಗಿಸುವ ಪ್ಯಾಡ್ ಬಟನ್ ಒತ್ತಿದರು. ಪರಪರ ನಿಂತಿತು.

ಬ್ಯಾಟರಿ ಇಲ್ಲದ ಹಳೆಯ ಮಾದರಿಯ ಬೇಸಿಗೆ ಆಕ್ಟಿವ್ ಬಾಕ್ಸ್ ಬೇಕು. ತಂತಿಯ ಕಂಪನ ಹಿಡಿಯುವ ಅದರ ಪಿಕಪ್ಪಿಗೆ 1 ಮೆಗಾಓಮ್‌ನಷ್ಟು ಇನ್‌ಪುಟ್ ಇಂಪಿಡೆನ್ಸ್ ಸಿಕ್ಕಿದರೆ ಒಳ್ಳೆಯದು. ಒಳ್ಳೆಯ ಪ್ಯಾಸಿವ್ ಬಾಕ್ಸಿನಲ್ಲೂ ಅದು 140 ಕಿಲೋಓಮ್ ಆಸುಪಾಸು. ಪಿಕಪ್ಪಿನ ಮೇಲೆ ಭಾರ ಬಿದ್ದು ತಂತಿಯ ಚುರುಕು ಮಂಕಾಗುತ್ತದೆ. ಮೆತ್ತನೆಯ ಹಳೆಯ ನಾದ ಬೇಕೆನ್ನುವವರಿಗೆ ಅದೂ ಚಂದವೇ.

ಆ ಸೌಂಡಿನವರ ಕೆಲಸ ಅಚ್ಚುಕಟ್ಟು, ಒಂದು ವಯರೂ ಕಾಲಿಗೆ ಸಿಗುವಂತಿರಲಿಲ್ಲ. ಆದರೂ ನನಗೆ ಬೇಸರವಾದದ್ದು ಹುಡುಗನ ವಿಷಯದಲ್ಲಿ. ಸರಿಯಾದದ್ದನ್ನೇ ಕೇಳಿದವ ಹಿರಿಯರೆದುರು ಇನ್ನೊಂದು ಮಾತು ಆಡಲಿಲ್ಲ. ಸ್ಟೇಜಿನಲ್ಲಿ ವಯಸ್ಸು ನೋಡಿ ಸುಮ್ಮನಾಗುವ ಈ ಅಭ್ಯಾಸ ಸ್ಪೀಕರಿನಲ್ಲಿ ಗುಂಯ್ ಎನ್ನುವ ಹಮ್ ಬಂದಾಗ ಅಪಾಯಕ್ಕೇ ತಿರುಗುತ್ತದೆ. ಆಂಪಿನ ಮೂರು ಪಿನ್ ಪ್ಲಗ್ಗಿನ ಅರ್ಥ್ ಕಿತ್ತು ಹಮ್ ನಿಲ್ಲಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಆಂಪಿನೊಳಗೆ ಕರೆಂಟ್ ಲೀಕ್ ಆದರೆ ತಂತಿ ಮುಟ್ಟಿದವನಿಗೆ ಶಾಕ್, ನಮ್ಮ ಮಳೆಗಾಲದ ಒದ್ದೆ ಸ್ಟೇಜಿನಲ್ಲಂತೂ ಕೇಳುವುದೇ ಬೇಡ. ಯಾರು ಕಿತ್ತರೂ ಅಲ್ಲೇ ಬೇಡ ಎನ್ನಬೇಕು. ಒತ್ತಬೇಕಾದ್ದು ಬಾಕ್ಸಿನ ಗ್ರೌಂಡ್ ಲಿಫ್ಟ್. ಅದು ಸಿಗ್ನಲ್ ಕೇಬಲಿನ ಗ್ರೌಂಡನ್ನಷ್ಟೇ ಬಿಡಿಸುತ್ತದೆ, ಪ್ಲಗ್ಗಿನ ಅರ್ಥ್ ಹಾಗೇ ಇರುತ್ತದೆ. ಇಲ್ಲಿ ಪ್ಯಾಸಿವ್ ಬಾಕ್ಸೇ ಮೇಲು. ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಲವು ಅಗ್ಗದ ಆಕ್ಟಿವ್ ಬಾಕ್ಸ್‌ಗಳಲ್ಲಿ 48 ವೋಲ್ಟ್ ಫ್ಯಾಂಟಮ್ (ಮಿಕ್ಸರಿನಿಂದ ಕೇಬಲಿನಲ್ಲೇ ಬರುವ ಕರೆಂಟ್) ಮೇಲೆ ನಡೆಯುವಾಗ ಲಿಫ್ಟ್ ಒತ್ತಿದರೂ ಹಮ್ ಹೋಗುವುದಿಲ್ಲ.

ಸೌಂಡ್ ಸರ್ವಿಸಿನವರು ಎರಡೂ ಇಟ್ಟುಕೊಳ್ಳಲಿ. ಒಂದೇ ಕೊಳ್ಳುವುದಾದರೆ ಪ್ಯಾಡ್ ಇರುವ ಆಕ್ಟಿವ್ ತೆಗೆದುಕೊಳ್ಳಿ, ಎರಡೂ ಬಗೆಯ ಬೇಸಿಗೆ ನಡೆಯುತ್ತದೆ. ಪ್ಯಾಡ್ ಒತ್ತಿದ ಮೇಲೂ ಪರಪರ ಕೇಳಿದರೆ ಬೇಸಿನ ಬ್ಯಾಟರಿ ಬದಲಿಸಿ ನೋಡಿ. ಮುಗಿಯುತ್ತಾ ಬಂದ ಬ್ಯಾಟರಿಯಿಂದಲೂ ಸದ್ದು ಹೀಗೇ ಒಡೆಯುತ್ತದೆ, ಜ್ಯಾಕ್ ಸಿಕ್ಕಿಸಿಯೇ ಇಟ್ಟರೆ ನುಡಿಸದಿದ್ದರೂ ಬ್ಯಾಟರಿ ಖಾಲಿಯಾಗುತ್ತದೆ.