ಕೊಡಗಿನ ಹೋಂಸ್ಟೇಗೆ ಹೊರಟಿದ್ದೀರಾ? ಆಧಾರ್ ವಿಷಯ ಮನೆಯಲ್ಲೇ ಮುಗಿಸಿಕೊಳ್ಳಿ

ಡಿಸೆಂಬರ್‌ನಲ್ಲಿ ನಾವು ಐದು ಜನ ಬೆಂಗಳೂರಿನಿಂದ ಕೊಡಗಿಗೆ ಹೋಗಿದ್ದೆವು. ಅಲ್ಲಿಗೆ ರೈಲಿಲ್ಲ, ಹಾಗಾಗಿ ಕಾರು. ಮೈಸೂರು, ಹುಣಸೂರು, ಕುಶಾಲನಗರ ದಾಟಿ ಸುಂಟಿಕೊಪ್ಪದಲ್ಲಿ ಮಾದಾಪುರದ ಕಡೆ ತಿರುಗಿದೆವು. ಹೋಂಸ್ಟೇ ಇದ್ದದ್ದು ತೋಟದ ಒಳಗೆ. ಕಣದಲ್ಲಿ ಕಾಫಿ ಹರವಿದ್ದರು. ಜಾಗ ತುಂಬ ಚೆನ್ನಾಗಿತ್ತು, ಊಟ ಅದಕ್ಕಿಂತ ಚೆನ್ನಾಗಿತ್ತು. ಆದರೆ ಇಲ್ಲಿ ಹೇಳಬೇಕಾಗಿರುವುದು ಬಾಗಿಲಲ್ಲೇ ನಡೆದ ವಿಷಯ.

ಬ್ಯಾಗ್ ಇಳಿಸುವ ಮೊದಲೇ ಅಲ್ಲಿನ ಹುಡುಗ, "ಎಲ್ಲರ ಆಧಾರ್ ಫೋಟೋ ತೆಗೆದುಕೊಂಡುಬಿಡ್ತೀನಿ ಮೇಡಂ," ಎಂದ. ನನ್ನ ಅತ್ತೆಯ ಕಾರ್ಡಿನ ಫೋಟೋ ತೆಗೆದು, ಸರಿ ಬಂದಿದೆಯಾ ಅಂತ ಗ್ಯಾಲರಿ ತೆರೆದ. ನಾನು ಪಕ್ಕದಲ್ಲೇ ನಿಂತಿದ್ದೆ. ಕಾಫಿ ಮೂಟೆ, ಅವನ ನಾಯಿಮರಿ, ಯಾರದೋ ಆಧಾರ್, ಒಂದು ಮದುವೆ ಫೋಟೋ, ಮತ್ತೆ ನಾಲ್ಕು ಆಧಾರ್. ಮುಖ, ವಿಳಾಸ, ಹನ್ನೆರಡು ಅಂಕಿ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಹುಡುಗ ಒಳ್ಳೆಯವನೇ. ಆದರೆ ಆ ಫೋನ್ ಬಸ್ಸಿನಲ್ಲಿ ಕಳೆದುಹೋದರೆ?

ಮೇಜಿನ ಮೇಲೆ ರಿಜಿಸ್ಟರ್ ತೆರೆದೇ ಇತ್ತು. ನಮಗಿಂತ ಮೇಲಿನ ಸಾಲಿನಲ್ಲಿ ಒಬ್ಬ ಹುಡುಗಿಯ ಹೆಸರು, ಮೊಬೈಲ್ ನಂಬರ್, ರೂಮ್ ನಂಬರ್, ಜನರ ಸಂಖ್ಯೆ 1. ಯಾರು ಬೇಕಾದರೂ ಓದಬಹುದಿತ್ತು. ನನಗೆ ಜಾಸ್ತಿ ಕಸಿವಿಸಿಯಾದದ್ದು ಇದನ್ನು ನೋಡಿಯೇ.

ಗುರುತು ಕೇಳುವುದು ತಪ್ಪಲ್ಲ. "ನಾಳೆ ಏನಾದ್ರೂ ಆದ್ರೆ ಪೊಲೀಸರು ಮೊದಲು ಕೇಳೋದು ನಮ್ಮನ್ನೇ," ಎಂದರು ಮಾಲೀಕರು. ಮನೆಯೊಳಗೆ ಅಪರಿಚಿತರನ್ನು ಬಿಟ್ಟುಕೊಳ್ಳುವವರಿಗೆ ಆ ಭಯ ಇರಲೇಬೇಕು. ತೋರಿಸೋಣ, ಹೆಸರು ಬರೆಸೋಣ. ಆದರೆ ಪೂರ್ತಿ ನಂಬರಿನ ಫೋಟೋ ಅವರ ಹತ್ತಿರ ಯಾಕೆ ಉಳಿಯಬೇಕು?

ಇದಕ್ಕೆ ಮಾಸ್ಕ್ ಮಾಡಿದ ಆಧಾರ್ ಇದೆ. ಮೊದಲ ಎಂಟು ಅಂಕಿ ಮುಚ್ಚಿ, ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಮೈಆಧಾರ್ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಮಾಡುವಾಗ ಆ ಆಯ್ಕೆಗೆ ಟಿಕ್ ಹಾಕಬೇಕು, ಅಷ್ಟೇ. ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಕೇಳುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಜೊತೆಗೆ ಹುಟ್ಟಿದ ಇಸವಿ.

ನಾವು ಎಡವಿದ್ದು ಎಲ್ಲಿ ಗೊತ್ತಾ? ಡೌನ್‌ಲೋಡ್‌ಗೆ ಒಟಿಪಿ ಬರಬೇಕು. ತೋಟದಲ್ಲಿ ಸಿಗ್ನಲ್ಲೇ ಇಲ್ಲ! ಅತ್ತೆಯ ಆಧಾರ್‌ಗೆ ಜೋಡಿಸಿದ ನಂಬರಿನ ಫೋನ್ ಬೇರೆ ಬೆಂಗಳೂರಿನ ಮನೆಯಲ್ಲೇ ಉಳಿದಿತ್ತು. ಆದ್ದರಿಂದ ಹೊರಡುವ ಹಿಂದಿನ ದಿನವೇ ಎಲ್ಲರದ್ದೂ ಇಳಿಸಿಕೊಂಡು, ಒಂದೊಂದು ಪ್ರಿಂಟ್ ತೆಗೆದಿಡಿ. ಪ್ರಿಂಟಿನ ಮೇಲೆ ಅಡ್ಡಲಾಗಿ ಹೋಂಸ್ಟೇ ಹೆಸರು, ತಾರೀಖು ಬರೆದುಬಿಡಿ. ಆಮೇಲೆ ಅದನ್ನು ಬೇರೆ ಕಡೆ ಬಳಸುವುದು ಕಷ್ಟ.

ಆಧಾರ್ ಬೇಡ ಅನಿಸಿದರೆ ಡ್ರೈವಿಂಗ್ ಲೈಸೆನ್ಸ್ ಅಥವಾ ವೋಟರ್ ಐಡಿ ತೋರಿಸಬಹುದು. ಪಾನ್ ಕಾರ್ಡಿನಲ್ಲಿ ವಿಳಾಸ ಇರುವುದಿಲ್ಲ, ಹಾಗಾಗಿ ಎಷ್ಟೋ ಕಡೆ ಒಪ್ಪುವುದಿಲ್ಲ. ಬುಕ್ ಮಾಡುವಾಗಲೇ ಫೋನಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ರಾತ್ರಿ ಎಂಟಕ್ಕೆ ಗೇಟಿನ ಮುಂದೆ ವಾದ ಮಾಡಲು ಯಾರಿಗೂ ಮನಸ್ಸಿರುವುದಿಲ್ಲ.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಜೆರಾಕ್ಸ್ ಎಲ್ಲೆಂದರಲ್ಲಿ ಕೊಡಬೇಡಿ, ಮಾಸ್ಕ್ ಮಾಡಿದ್ದು ಕೊಡಿ ಎಂದಿತ್ತು. ಜನ ತಪ್ಪು ತಿಳಿಯಬಹುದು ಎಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಆ ಪ್ರಕಟಣೆಯನ್ನು ವಾಪಸ್ ಪಡೆಯಿತು. ಮಾಸ್ಕ್ ಮಾಡಿದ ಆಧಾರ್ ಮಾತ್ರ ಈಗಲೂ ಸಿಗುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕೇಸು ಶುರುವಾಗಿದ್ದೇ ಆಧಾರ್ ವಿಷಯಕ್ಕೆ. ನಂಬರ್ ಮುಚ್ಚಿ ಕೊಡುತ್ತೇನೆ ಎನ್ನಲು ಸಂಕೋಚ ಬೇಡ.

ವಿದೇಶಿ ಪಾಸ್‌ಪೋರ್ಟ್ ಇರುವವರ ವಿಷಯ ಬೇರೆ. ನನ್ನ ತಮ್ಮನ ಹೆಂಡತಿಯದು ಅಮೆರಿಕದ ಪಾಸ್‌ಪೋರ್ಟ್. ಅಂಥವರು ಉಳಿದುಕೊಂಡರೆ ಮಾಲೀಕರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸರ್ಕಾರಕ್ಕೆ ತಿಳಿಸಬೇಕು. ಹೋಟೆಲಿಗೂ ಇದೇ ನಿಯಮ, ಹೋಂಸ್ಟೇಗೂ ಇದೇ. ಪಾಸ್‌ಪೋರ್ಟ್, ವೀಸಾ ಪ್ರತಿ ಇಟ್ಟುಕೊಂಡಿರಿ, ಕೇಳಿದರೆ ಬೇಜಾರಾಗಬೇಡಿ.

ಕ್ಯಾಮೆರಾ ಎಲ್ಲಿದೆ ಅಂತಲೂ ಕೇಳಿ. ಏರ್‌ಬಿಎನ್‌ಬಿ ಮೂಲಕ ಕೊಡುವ ಮನೆಗಳ ಒಳಗೆ ಕ್ಯಾಮೆರಾ ಇಡುವಂತಿಲ್ಲ ಎಂಬ ನಿಯಮ 2024ರ ಏಪ್ರಿಲ್ 30ರಿಂದ ಇದೆ. ಹೊರಗೆ ಇದ್ದರೆ ಮೊದಲೇ ತಿಳಿಸಿರಬೇಕು. ನಮ್ಮಲ್ಲಿ ಗೇಟಿನ ಹತ್ತಿರ ಒಂದು ಇತ್ತು, ಅವರೇ ತೋರಿಸಿದರು.

ಹೊರಡುವ ದಿನ ಹುಡುಗನಿಗೆ ಅತ್ತೆಯ ಕಾರ್ಡಿನ ಫೋಟೋ ಅಳಿಸಲು ಹೇಳಿದೆ. ತಕ್ಷಣ ಅಳಿಸಿದ. ಟ್ರ್ಯಾಶ್‌ನಲ್ಲೂ ಇರುತ್ತೆ ಅಂದಾಗ ಅಲ್ಲಿಂದಲೂ ತೆಗೆದ. ರಿಜಿಸ್ಟರ್ ಅಷ್ಟರಲ್ಲಿ ಡ್ರಾಯರ್ ಸೇರಿತ್ತು. ಮಾಲೀಕರು ಹತ್ತಿರ ಬಂದು, "ಮುಂದಿನ ತಿಂಗಳು ನಾವು ತಿರುಪತಿಗೆ ಹೋಗ್ತಿದ್ದೀವಿ, ನಂಗೂ ಅದನ್ನ ಮಾಡಿಕೊಡ್ತೀರಾ ಮೇಡಂ?" ಎಂದರು. ಕಣದ ಮೂಲೆಯಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತದಂತೆ. ಅಲ್ಲಿ ನಿಂತು ಒಟಿಪಿಗೆ ಕಾದೆವು, ಮೂರನೇ ಸಲಕ್ಕೆ ಬಂತು.